ಬುದ್ಧಿಯವರು ಬಾಯಿಪಾಠ ಮಾಡದ ಮಾತು

ಕರಿಮರಡಿ ಮಠಕ್ಕೆ ಗೋಪುರವಿಲ್ಲ, ಆನೆಯಿಲ್ಲ, ಬೆಳ್ಳಿ ಪಲ್ಲಕ್ಕಿಯಿಲ್ಲ. ಅವೆಲ್ಲ ಇರುವ ಮಠಗಳು ನಾಡಿನಲ್ಲಿ ಬೇಕಾದಷ್ಟಿವೆ, ಇರಲಿ. ಪೂಜ್ಯ ಶ್ರೀ ಚಿದ್ಘನ ಸ್ವಾಮಿಗಳವರು ಬರಿಗಾಲಲ್ಲಿ ನಡೆದಾಡಿದ ನೆಲ ನಮ್ಮದು. ಅದೊಂದನ್ನು ಈ ಸೀಮೆಯ ನಾವು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇವೆ. ಪೂಜ್ಯರನ್ನು ಹೆಸರು ಹಿಡಿದು ಕರೆದವರು ನಮ್ಮಲ್ಲಿಲ್ಲ. ಎಲ್ಲರ ಬಾಯಲ್ಲೂ ಅವರು ಬುದ್ಧಿಯವರು.

ಮಠದ ಪ್ರಸಾದನಿಲಯದಲ್ಲಿ ಪೇಟೆಯ ಕಾಲೇಜಿಗೆ ಹೋಗುವ ಹುಡುಗರು ಉಂಡು, ಮಲಗಿ, ಓದುತ್ತಿದ್ದರು. ಅವರ ವರ್ಷದ ಸಾರಿಗೆ ಬೇಕಾದ ಹುಣಸೆಹಣ್ಣನ್ನು ಬುದ್ಧಿಯವರೇ ಕೂತು ಬಿಡಿಸುತ್ತಿದ್ದರು. ಅಂದೂ ಹಾಗೆಯೇ ತಗಡಿನ ಚಪ್ಪರದ ಕೆಳಗೆ ಗೋಣಿತಾಟು ಹಾಸಿಕೊಂಡು, ಮುಂದೆ ಹುಣಸೆಯ ರಾಶಿ ಇಟ್ಟುಕೊಂಡು ಕೂತಿದ್ದರು. ಕಾವಿಯ ತೋಳು ಮೊಣಕೈವರೆಗೆ ಮಡಚಿತ್ತು. ಬೆರಳುಗಳಿಗೆಲ್ಲ ಅಂಟು.

ಆಗ ಬಂದವನು ಓಬಳೇಶ. ಬಿ.ಎಸ್ಸಿ. ಕೊನೆಯ ವರ್ಷದವನು, ಆ ನಿಲಯದಲ್ಲೇ ಇದ್ದವನು. ಕಬಡ್ಡಿಗೆ ಇಳಿದರೆ ಎದುರಿನವರು ಹಿಂದೆ ಸರಿಯಬೇಕು, ಅಂಥ ಮೈ. ಮಾತಿಗೆ ನಿಂತರೆ ಊರಿಗೆಲ್ಲ ಕೇಳಬೇಕು, ಅಂಥ ಗಂಟಲು.

"ಬಾರಪ್ಪಾ. ಕೂತ್ಕೋ, ಬಿಡಿಸು," ಎಂದರು ಬುದ್ಧಿಯವರು.

ಇಸ್ತ್ರಿ ಮಾಡಿದ ಷರಟು ಹಾಕಿಕೊಂಡಿದ್ದ ಓಬಳೇಶ ಅಂಟಿನ ರಾಶಿ ನೋಡಿ ಕೂರಲಿಲ್ಲ. ಅಡ್ಡಬಿದ್ದು ಎದ್ದು, ಕೈ ಕಟ್ಟಿಕೊಂಡು ನಿಂತ.

"ಬುದ್ಧಿ, ತಾವೊಂದು ಮಾತು ಹೇಳ್ಬೇಕು. ನಮ್ಮ ಕೆಮಿಸ್ಟ್ರಿ ಪ್ರೊಫೆಸರಿಗೆ. ತಮ್ಮ ಮಾತು ಅಂದ್ರೆ ಅವರು ತೆಗೆದುಹಾಕಲ್ಲ."

ಅವನ ಒಳಗಿದ್ದದ್ದು ಹೊಟ್ಟೆಕಿಚ್ಚು. ವಾರದಿಂದ ಅನ್ನ ರುಚಿಸಿರಲಿಲ್ಲ.

ನಡೆದದ್ದು ಇಷ್ಟು. ಪ್ರೊಫೆಸರ್ ಸೇತುರಾಮಯ್ಯನವರು ಬೇಸಿಗೆಯಲ್ಲಿ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ಕುಡಿಯುವ ನೀರನ್ನು ಪರೀಕ್ಷೆ ಮಾಡಬೇಕೆಂದಿದ್ದರು. ಜೊತೆಗೆ ಒಬ್ಬನೇ ವಿದ್ಯಾರ್ಥಿ. "ಬರಬೇಕು ಅನ್ನೋರು ನನ್ನ ಕೋಣೆಗೆ ಬಂದು ಮಾತಾಡಿ," ಎಂದು ತರಗತಿಯಲ್ಲಿ ಹೇಳಿದ್ದರು. ಆ ಜಾಗ ತನ್ನದೇ ಎಂದು ಓಬಳೇಶ ಅಲ್ಲೇ ತೀರ್ಮಾನಿಸಿಬಿಟ್ಟ. ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೂಗುವವನು ಅವನಲ್ಲದೆ ಇನ್ನಾರು? ಆದರೆ ಮಾತಾಡಲು ಕೋಣೆಗೆ ಮಾತ್ರ ಹೋಗಲಿಲ್ಲ. ಅವನ ಮನೆಯಲ್ಲಿ ಅದು ರೂಢಿಯೇ ಅಲ್ಲ. ಊರಗೌಡರ ಹತ್ತಿರ ಏನಾದರೂ ಕೇಳುವುದಿದ್ದರೆ ಅವನ ಅಪ್ಪ ಮತ್ತೊಬ್ಬರನ್ನು ಕರೆದುಕೊಂಡು ಹೋಗಿ, ತಾನು ಹಿಂದೆ ನಿಂತು, ಅವರಿಂದ ಹೇಳಿಸುತ್ತಿದ್ದ. ದೊಡ್ಡವರ ಮುಂದೆ ಹೇಳಿಸಬೇಕು, ಹೇಳಬಾರದು. ಹುಟ್ಟಿದಾಗಿನಿಂದ ಓಬಳೇಶ ಕಂಡದ್ದು ಅದನ್ನೇ.

ಅಷ್ಟರಲ್ಲಿ ಪಾಲಾಕ್ಷ ಆ ಕೋಣೆಗೆ ಹೋಗಿಬಂದ.

ಪಾಲಾಕ್ಷ ಅದೇ ನಿಲಯದ ಸಣಕಲ ಹುಡುಗ. ತರಗತಿಯಲ್ಲಿ ಬಾಯಿ ಬಿಡದವನು, ಪಾಠ ಮುಗಿದ ಮೇಲೆ ಮೇಷ್ಟ್ರ ಬಾಗಿಲಲ್ಲಿ ನಿಂತು, "ಸಾರ್, ಇಲ್ಲೀ ತನಕ ತಿಳೀತು. ಇಲ್ಲಿಂದಾಚೆ ತಿಳೀಲಿಲ್ಲ," ಎಂದು ಪುಸ್ತಕ ತೋರಿಸುತ್ತಿದ್ದ. ತಿಳಿಯಲಿಲ್ಲ ಎಂದು ತಾನಾಗಿ ಹೋಗಿ ಹೇಳುವುದೇ! ಓಬಳೇಶನಿಗೆ ಅದು ನಗುವ ವಿಷಯವಾಗಿತ್ತು. ಈ ಸಲ ನಗು ಬರಲಿಲ್ಲ. ವರಾಂಡದ ಕಂಬದ ಮರೆಯಲ್ಲಿ ನಿಂತು ಕಿಟಕಿಯಲ್ಲಿ ನೋಡಿದ. ಸೇತುರಾಮಯ್ಯನವರು ಸ್ಟೂಲು ಎಳೆದು ಪಾಲಾಕ್ಷನನ್ನು ಕೂರಿಸಿದರು. ತಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಅವನ ಮುಂದಿಟ್ಟರು. ಇಬ್ಬರೂ ಏನಕ್ಕೋ ನಕ್ಕರು.

ಆ ಒಂದು ಮುಚ್ಚಳ ಟೀ ಓಬಳೇಶನ ಹೊಟ್ಟೆಯಲ್ಲಿ ಕುದಿಯತೊಡಗಿತು. ಪಾಲಾಕ್ಷ ಪಂಕ್ತಿಯಲ್ಲಿ ಪಕ್ಕ ಕೂತರೆ ಎದ್ದು ಆಚೆ ಕೂತ. ಅವನು ಕೆಮ್ಮಿದರೂ ಸಿಟ್ಟು, ಓದಿದರೂ ಸಿಟ್ಟು, ಮಲಗಿದರೂ ಸಿಟ್ಟು.

ಇದನ್ನೆಲ್ಲ ಅವನು ಬುದ್ಧಿಯವರಿಗೆ ಹೇಳಲಿಲ್ಲ. ಜಾಗದ ವಿಷಯವನ್ನಷ್ಟೇ ಅರಿಕೆ ಮಾಡಿಕೊಂಡ.

"ನಿನ್ನ ಮೇಷ್ಟ್ರಲ್ಲವಾ? ನೀನೇ ಹೇಳಬಹುದಲ್ಲ," ಎಂದರು ಪೂಜ್ಯರು.

"ನಾವು ಹೇಳೋದೇ ಬೇರೆ, ತಾವು ಹೇಳೋದೇ ಬೇರೆ, ಬುದ್ಧಿ."

ಪೂಜ್ಯರು ಕೈತೊಳೆದು ಎದ್ದರು. "ಆಗಲಿ, ನಡಿ. ಏನು ಹೇಳಬೇಕು ಅಂತ ದಾರಿಯಲ್ಲಿ ಹೇಳಿಕೊಡು. ಬಾಯಿಪಾಠ ಮಾಡ್ಕೋತೀನಿ."

ಓಬಳೇಶನಿಗೆ ಹಿಗ್ಗಿನಲ್ಲಿ ನೆಲ ಕಾಣಲಿಲ್ಲ. ಶಾಸಕರ ಕಡೆಯವರು ಬಂದು ಕೂತರೂ ಹುಣಸೆರಾಶಿ ಬಿಟ್ಟು ಏಳದ ಬುದ್ಧಿಯವರು ತನಗಾಗಿ ಎದ್ದಿದ್ದಾರೆ! ಪಾಲಾಕ್ಷನ ಮುಖ ಈಗ ನೋಡಬೇಕು ಎಂದುಕೊಂಡ.

ಮಠದಿಂದ ಕಾಲೇಜಿಗೆ ಕೆರೆ ಏರಿಯ ಮೇಲೆ ದಾರಿ. ಪೂಜ್ಯರು ಮುಂದೆ, ಓಬಳೇಶ ಪಕ್ಕದಲ್ಲಿ.

"ಹೇಳಪ್ಪಾ. ಮೊದಲು ಏನನ್ನಲಿ?"

ಓಬಳೇಶ ತಡಮಾಡಲಿಲ್ಲ. "ಪಾಲಾಕ್ಷನಿಗೆ ಕೊಡಬೇಡಿ ಅನ್ನಿ ಬುದ್ಧಿ. ಅವನು ಬರೀ ಬಾಲ ಅಲ್ಲಾಡಿಸೋನು, ಒಳಗೇನೂ ಇಲ್ಲ ಅನ್ನಿ."

ಪೂಜ್ಯರು ತಲೆಯಾಡಿಸಿದರು. ಮರುಗಳಿಗೆಯಲ್ಲೇ, ಮಗ್ಗಿ ಕಲಿಯುವ ಮಗುವಿನಂತೆ, ಸ್ಪಷ್ಟವಾದ ದನಿಯಲ್ಲಿ ಶುರುಮಾಡಿದರು. "ಪಾಲಾಕ್ಷನಿಗೆ ಕೊಡಬೇಡಿ. ಅವನು ಬರೀ ಬಾಲ ಅಲ್ಲಾಡಿಸೋನು. ಒಳಗೇನೂ ಇಲ್ಲ. ಪಾಲಾಕ್ಷನಿಗೆ ಕೊಡಬೇಡಿ…"

ನಿತ್ಯ ಶಿವನಾಮ ನುಡಿವ ಬಾಯಿ ಅದು. ಅದೇ ಬಾಯಲ್ಲಿ, ಅದೇ ಶ್ರದ್ಧೆಯಲ್ಲಿ ತನ್ನ ಮಾತು ಹೊರಬರುವುದನ್ನು ಕೇಳಿ ಓಬಳೇಶನ ಕಿವಿ ಬಿಸಿಯಾದವು. ಏರಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ಓಡಿಬಂದು ಪಾದ ಮುಟ್ಟಿದಳು. ಪೂಜ್ಯರು ಅವಳಿಗೆ ಹರಸಿ ಮತ್ತೆ ಪಾಠ ಹಿಡಿದರು.

"ಯಾರಿಗೆ ಕೊಡಬಾರದು ಬುದ್ಧಿ? ಹೆಣ್ಣಾ?" ಎಂದಳು ಅವಳು ಗಾಬರಿಯಿಂದ. "ಹುಡುಗ ಅಷ್ಟು ಕೆಟ್ಟೋನಾ? ಅಯ್ಯೋ, ಯಾವೂರೋನು?"

"ಈ ತಮ್ಮನಿಗೆ ಗೊತ್ತಮ್ಮಾ, ಕೇಳು," ಎಂದು ಪೂಜ್ಯರು ಓಬಳೇಶನ ಕಡೆ ತೋರಿಸಿದರು.

ಆ ಹೆಂಗಸು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಒಬ್ಬರ ಮನೆ ಆಗೋದನ್ನ ಯಾಕಪ್ಪಾ ತಪ್ಪಿಸ್ತೀಯ? ನಿನಗೇನು ಕಡಿಮೆಯಾಗಿದೆ?"

ಓಬಳೇಶ ದಾಪುಗಾಲು ಹಾಕಿ ಅಲ್ಲಿಂದ ಪಾರಾದ. "ಬುದ್ಧಿ, ಮೆಲ್ಲಗೆ! ಯಾರಾದ್ರೂ ಕೇಳಿಸ್ಕೋತಾರೆ."

"ಮೇಷ್ಟ್ರ ಮುಂದೆ ಹೇಳೋ ಮಾತಲ್ಲವಾ? ಇವರು ಕೇಳಿದರೇನು?"

"ಅದು ಬೇಡ ಬುದ್ಧಿ. ಬಿಟ್ಟುಬಿಡಿ. ಅದನ್ನ ಹೇಳ್ಬೇಡಿ."

"ಬಿಟ್ಟೆ. ಮತ್ತೇನು ಹೇಳಲಿ?"

"ಓಬಳೇಶನಂಥ ಬುದ್ಧಿವಂತ ಇಡೀ ಕಾಲೇಜಿನಲ್ಲಿಲ್ಲ ಅನ್ನಿ."

"ಅವರಿಗೇ ಗೊತ್ತಿರಬೇಕಲ್ಲಪ್ಪಾ, ದಿನಾ ಪಾಠ ಮಾಡೋರು. ಗೊತ್ತಿರೋದನ್ನ ಹೇಳೋಕೆ ಇಷ್ಟು ದೂರ ನಡೀಬೇಕಾ? ಅವರಿಗೆ ಗೊತ್ತಿಲ್ಲದ್ದು ಹೇಳು."

ಓಬಳೇಶ ಕೆರೆಯ ಕಡೆ ನೋಡಿದ. ಕೆರೆಯಲ್ಲಿ ನೀರು ತಳ ಹಿಡಿದಿತ್ತು. ಎಮ್ಮೆಗಳು ಕೆಸರಿನಲ್ಲಿ ಮಲಗಿದ್ದವು. ಪೂಜ್ಯರು ಕಾಯುತ್ತಾ ನಡೆದರು. ಏರಿ ಮುಗಿಯುವ ಹೊತ್ತಿಗೆ ಅವನ ಆ ದೊಡ್ಡ ಗಂಟಲಿನಿಂದ ಸಣ್ಣ ದನಿ ಬಂತು.

"ನಮ್ಮೂರ ಬೋರ್‌ವೆಲ್ ನೀರು ಸರಿಯಿಲ್ಲ ಬುದ್ಧಿ. ಚಿಕ್ಕ ಮಕ್ಕಳ ಹಲ್ಲೆಲ್ಲ ಕಂದಾಗಿವೆ. ನನ್ನ ತಮ್ಮನಿಗೆ ಕಾಲು ಬಾಗ್ತಾ ಬಂದಿದೆ. ಓಡೋಕಾಗಲ್ಲ. ಕಬಡ್ಡಿ ಆಡಿಸೋ ಅಣ್ಣಾ ಅಂತಾನೆ. ಮೇಷ್ಟ್ರು ಹೋಗೋ ಊರುಗಳಲ್ಲಿ ನಮ್ಮೂರಿಲ್ಲ."

ಪೂಜ್ಯರು ನಡಿಗೆ ನಿಧಾನ ಮಾಡಿದರು.

"ಇನ್ನೊಂದಿದೆ," ಎಂದ ಓಬಳೇಶ, ತಲೆ ಎತ್ತದೆ. "ಆ ಪರೀಕ್ಷೆ ನನಗೆ ಬರಲ್ಲ. ಬ್ಯುರೆಟ್ಟು ಅಂತ ಗಾಜಿನ ಕೊಳವೆ, ಅದರಿಂದ ಹನಿಹನಿಯಾಗಿ ಬಿಡ್ತಾ, ಹಳದಿ ನೀರು ತಿಳಿಗುಲಾಬಿಗೆ ತಿರುಗೋ ಗಳಿಗೆಗೆ ನಿಲ್ಲಿಸ್ಬೇಕು. ನಾನು ಯಾವಾಗ್ಲೂ ದಾಟಿಸಿಬಿಡ್ತೀನಿ. ಲ್ಯಾಬಿನಲ್ಲಿ ಕದ್ದುನೋಡಿ ಬರ್ಕೋತೀನಿ, ಬುದ್ಧಿ. ಪಾಲಾಕ್ಷನದೇ ನೋಡಿ."

ಮಾತು ಹೊರಬಿದ್ದ ಮೇಲೆ ಅವನು ಪೂಜ್ಯರ ಬಾಯಿಯನ್ನೇ ನೋಡಿದ. ಇದನ್ನೂ ಮಗ್ಗಿಯಂತೆ ಹೇಳಲು ಶುರುಮಾಡಿದರೆ? ಪೂಜ್ಯರ ತುಟಿ ಅಲುಗಲಿಲ್ಲ. ಕಾಲೇಜಿನ ಗೇಟು ಬಂತು.

ಸೇತುರಾಮಯ್ಯನವರ ಕೋಣೆಯ ಬಾಗಿಲು ತೆರೆದಿತ್ತು. ಸ್ವಾಮಿಗಳನ್ನು ಕಂಡ ಕೂಡಲೇ ಅವರು ದಡಬಡಿಸಿ ಎದ್ದರು. ಪೂಜ್ಯರು ಕೈಸನ್ನೆಯಿಂದ ಅವರನ್ನು ಅಲ್ಲೇ ನಿಲ್ಲಿಸಿ, ತಾವು ಹೊರಗಿನ ಮೆಟ್ಟಿಲ ಮೇಲೆ, ಬಿಟ್ಟ ಚಪ್ಪಲಿಗಳ ಪಕ್ಕ ಕೂತುಬಿಟ್ಟರು.

"ಬುದ್ಧಿ, ಒಳಗೆ ಬನ್ನಿ… ಹೇಳ್ತೀನಿ ಅಂದಿರಲ್ಲ," ಎಂದು ಓಬಳೇಶ ಬಗ್ಗಿ ಪಿಸುಗುಟ್ಟಿದ.

"ನಾನು ಬಾಯಿಪಾಠ ಮಾಡಿದ್ದನ್ನ ನೀನೇ ಬಿಡು ಅಂದೆ, ಬಿಟ್ಟೆ. ಕೊನೇಲಿ ಹೇಳಿದ್ಯಲ್ಲ, ಅದನ್ನ ನಾನು ಬಾಯಿಪಾಠ ಮಾಡಲಿಲ್ಲ ಕಣಪ್ಪಾ. ಅದು ನಿನಗೇ ಬರುತ್ತೆ."

ಹಿಂದಕ್ಕೆ ಓಡಿಬಿಡೋಣವೆಂದರೆ ಮೆಟ್ಟಿಲ ಮೇಲೆ ಬುದ್ಧಿಯವರು ಕೂತಿದ್ದಾರೆ, ದಾಟುವುದು ಹೇಗೆ? ಒಳಗೇ ಹೋದ. ಬಗಲಲ್ಲಿ ನಿಂತು ಹೇಳುವವರು ಯಾರೂ ಇಲ್ಲದೆ, ಅವನ ವಂಶದಲ್ಲೇ ಮೊದಲನೆಯವನಾಗಿ, ದೊಡ್ಡವರೊಬ್ಬರ ಮುಂದೆ ನೇರ ನಿಂತ.

"ಸಾರ್, ನಾನು ಓಬಳೇಶ, ಕೊನೇ ವರ್ಷ," ಎಂದ. ಸೇತುರಾಮಯ್ಯನವರಿಗೆ ಗೊತ್ತಿದ್ದ ಹೆಸರೇ. ಆದರೂ ಅವರು ಮಧ್ಯೆ ಬಾಯಿ ಹಾಕಲಿಲ್ಲ. ಊರಿನ ನೀರು ಹೇಳಿದ, ತಮ್ಮನ ಕಾಲು ಹೇಳಿದ, ಬ್ಯುರೆಟ್ಟು ಹೇಳಿದ, ಕದ್ದು ಬರೆದದ್ದನ್ನೂ ಹೇಳಿದ. ಕೊನೆಗೆ, "ಹನಿ ಎಲ್ಲಿ ನಿಲ್ಲಿಸಬೇಕೋ ನನಗೆ ತಿಳಿಯಲ್ಲ ಸಾರ್. ತೋರಿಸಿಕೊಡಿ," ಎಂದ.

ಪ್ರೊಫೆಸರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಮೂರು ವರ್ಷ ಆಯ್ತಲ್ಲೋ," ಎಂದರು. "ನಾನು ಬೋರ್ಡಿನ ಕಡೆ ತಿರುಗೋದರೊಳಗೆ ಉತ್ತರ ಹೇಳ್ತೀಯ. ನಿನಗೆ ನನ್ನಿಂದ ಏನೂ ಬೇಕಾಗಿಲ್ಲ ಅಂದ್ಕೊಂಡಿದ್ದೆ. ಕೇಳದೆ ಇದ್ದರೆ ನಿಮ್ಮೂರ ನೀರಿನ ವಿಷಯ ನನಗೆ ಹೇಗಪ್ಪಾ ಗೊತ್ತಾಗಬೇಕು?"

ಮೇಜಿನ ಕೆಳಗಿದ್ದ ಸ್ಟೂಲನ್ನು ಕಾಲಿನಿಂದ ಮುಂದೆ ತಳ್ಳಿದರು. "ಕೂತ್ಕೋ. ಮೊದಲೇ ಹೇಳಿಬಿಡ್ತೀನಿ, ಜಾಗ ಪಾಲಾಕ್ಷನಿಗೆ ಕೊಟ್ಟಾಯ್ತು. ಅವನ ಕೈ ಸ್ಥಿರವಾಗಿದೆ, ಅವನೇ ಸರಿ."

ಚುಚ್ಚಿತು. ಸುಳ್ಳು ಹೇಳಬಾರದು, ಜೋರಾಗಿಯೇ ಚುಚ್ಚಿತು. ಆದರೂ ಓಬಳೇಶ ಸ್ಟೂಲಿನಿಂದ ಏಳಲಿಲ್ಲ.

"ನಿಮ್ಮೂರಿಗೆ ಜೀಪು ಬರುತ್ತೆ. ಅಲ್ಲಿಯ ನೀರನ್ನ ನೀನೇ ಪರೀಕ್ಷೆ ಮಾಡ್ತೀಯ. ಅಲ್ಲೀವರೆಗೆ ದಿನಾ ಸಂಜೆ ಲ್ಯಾಬಿಗೆ ಬಾ. ತಪ್ಪಾದರೆ ತಪ್ಪಾಯ್ತು ಅಂತ ಹೇಳು, ಮುಚ್ಚಿಡಬೇಡ," ಎಂದು ಸೇತುರಾಮಯ್ಯನವರು ಫ್ಲಾಸ್ಕು ತೆಗೆದರು. ಟೀ ಖಾಲಿಯಾಗಿತ್ತು. "ಅಯ್ಯೋ," ಎಂದು ಅವರು ನಕ್ಕರು. ಓಬಳೇಶನೂ ನಕ್ಕ. ವಾರದಿಂದ ಕುದಿಯುತ್ತಿದ್ದುದು ಆ ಖಾಲಿ ಮುಚ್ಚಳವನ್ನು ಕಂಡು ಅರ್ಧ ಆರಿತು.

ಇನ್ನರ್ಧ ಆರಲು ದಿನಗಳು ಹಿಡಿದವು. ಪಂಕ್ತಿಯಲ್ಲಿ ಪಾಲಾಕ್ಷನ ಪಕ್ಕ ಹೋಗಿ ಕೂತು, ಅನ್ನ ಕಲೆಸುತ್ತಾ, "ಲೋ, ಬ್ಯುರೆಟ್ಟಿನ ತಿರುಪು ಹೆಂಗೋ ಹಿಡೀತೀಯ?" ಎಂದು ಕೊನೆಗೊಂದು ದಿನ ಕೇಳಿದ.

"ನನ್ನ ಕೇಳ್ತಿದೀಯಾ?" ಎಂದ ಪಾಲಾಕ್ಷ, ಬಾಯಿಗೆ ಒಯ್ದ ತುತ್ತು ಹಾಗೇ ಹಿಡಿದು.

"ಇನ್ನೇನು ಗೋಡೇನ ಕೇಳ್ತೀನಾ? ಹೇಳೋ."

ಎಡಗೈಯನ್ನು ಕೊಳವೆಯ ಹಿಂದಿನಿಂದ ತಂದು ತಿರುಪು ಹಿಡಿಯಬೇಕು, ಬಲಗೈಯಲ್ಲಿ ಸೀಸೆ ಅಲ್ಲಾಡಿಸುತ್ತಿರಬೇಕು ಎಂದು ಪಾಲಾಕ್ಷ ಸಾರಿನ ಸೌಟು ಹಿಡಿದು ತೋರಿಸಿದ. ಬಡಿಸುವವರು ಸೌಟು ಕಿತ್ತುಕೊಂಡು ಇಬ್ಬರನ್ನೂ ಬೈದರು.

ಬೇಸಿಗೆಯಲ್ಲಿ ಜೀಪು ಓಬಳೇಶನ ಊರಿಗೆ ಹೋಯಿತು. ಶಾಲೆಯ ಜಗಲಿಯ ಮೇಲೆ, ಊರವರೆಲ್ಲ ಸುತ್ತ ನಿಂತು ನೋಡುತ್ತಿರಲು, ಓಬಳೇಶ ಉಸಿರು ಬಿಗಿಹಿಡಿದು ಹನಿ ಬಿಟ್ಟ. ಹಳದಿ ತಿಳಿಗುಲಾಬಿಗೆ ತಿರುಗಿತು. ಅವನ ಕೈ ಅಲ್ಲೇ ನಿಂತಿತು. ಬೋರ್‌ವೆಲ್ ನೀರು ಫ್ಲೋರೈಡ್ ಮಿತಿಮೀರಿ ಕುಡಿಯಲಾಗದ್ದೆಂದು ಗೊತ್ತಾಯಿತು. ಹಾಳುಬಿದ್ದಿದ್ದ ಹಳೆಯ ಬಾವಿಯ ನೀರು ವಾಸಿಯಿತ್ತು. ಬೋರ್‌ವೆಲ್ ಗೌಡರು ಹಾಕಿಸಿದ್ದು. ಅದನ್ನು ನಿಲ್ಲಿಸಿ ಎನ್ನುವವರಾರು? ಅಪ್ಪ ಮಗನ ತೋಳು ಹಿಡಿದು, "ಯಾರ ಕೈಲಾದ್ರೂ ಹೇಳಿಸೋಣ," ಎಂದ.

ಓಬಳೇಶ ಮೆಲ್ಲನೆ ತೋಳು ಬಿಡಿಸಿಕೊಂಡು ಗೌಡರ ಜಗಲಿ ಹತ್ತಿದ.

ತಿರುಗಿ ಮಠಕ್ಕೆ ಬಂದಾಗ ಪೂಜ್ಯರು ಅದೇ ಚಪ್ಪರದ ಕೆಳಗೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಪಾಲಾಕ್ಷನೂ ಒಂದು ಮಗ್ಗುಲಲ್ಲಿ ಕೂತು ಬೀಜ ತೆಗೆಯುತ್ತಿದ್ದ. ಓಬಳೇಶ ಸಾಷ್ಟಾಂಗ ಬಿದ್ದು ಎದ್ದು, ಊರಿನ ಬೋರ್‌ವೆಲ್ಲಿಗೆ ಬೀಗ ಬಿದ್ದದ್ದನ್ನೂ, ಹಳೆಯ ಬಾವಿಯ ಹೂಳು ತೆಗೆಯಲು ಗೌಡರೇ ಆಳು ಕೊಟ್ಟದ್ದನ್ನೂ ಅರಿಕೆ ಮಾಡಿದ.

ಪೂಜ್ಯರು ತಲೆಯೆತ್ತಿದರು. "ಗೌಡರಿಗೆ ಯಾರ ಕೈಲಿ ಹೇಳಿಸಿದೆ?"

"ನಾನೇ ಹೇಳಿದೆ, ಬುದ್ಧಿ."

ಪೂಜ್ಯರು ತಮ್ಮ ಮುಂದಿದ್ದ ರಾಶಿಯಲ್ಲಿ ಅರ್ಧವನ್ನು ಅವನ ಕಡೆಗೆ ಸರಿಸಿದರು. ಓಬಳೇಶ ಷರಟಿನ ತೋಳು ಮಡಚಿ, ಪಾಲಾಕ್ಷನ ಪಕ್ಕದಲ್ಲಿ, ಅಂಟು ನೆಲದ ಮೇಲೆ ಕೂತ.