ಕೈ ಬಿಡಿಸಿಕೊಂಡ ಕಾವಲುಗಾರ

ಸೋಬಾನೆ ಹಾಡುವ ನೀಲಗಂಗಮ್ಮನ ಗಂಟಲಿಗೆ ಹಿಂದೆಂದೋ ಒಂದು ವೈರಸ್ ಹೊಕ್ಕು, ಅಲ್ಲಿನ ಜೀವಕೋಶಗಳನ್ನು ಕೆಡಿಸಿ ಗಡ್ಡೆ ಕಟ್ಟಿಸಿತ್ತು. ಅವಳ ರಕ್ತವನ್ನು ಕಾಯುವ ಬಿಳಿ ಕಣವೊಂದು ಗಸ್ತು ತಿರುಗುತ್ತ ಅಲ್ಲಿಗೆ ಬಂದಿತು.

"ನಿನ್ನ ಮೈಮೇಲೆ ವೈರಸ್ಸಿನ ಗುರುತಿದೆ," ಎಂದು ಅದು ಗಡ್ಡೆಯ ಕೋಶವೊಂದನ್ನು ಗದರಿತು.

"ಅಣ್ಣಾ, ನಾನು ಇದೇ ಮನೆಯಲ್ಲಿ ಹುಟ್ಟಿದವನು. ನಮ್ಮನಮ್ಮಲ್ಲಿ ಜಗಳವೇಕೆ?" ಎಂದು ಕೋಶವು ಅದರ ಕೈ ಹಿಡಿಯಿತು. ಕಾವಲುಗಾರ ಮನೆಯವರ ಮೇಲೆಯೇ ಎರಗದಂತೆ ತಡೆಯುವ ಹಿಡಿತವದು; ಹಿಡಿದದ್ದೇ ತಡ, ಬಿಳಿ ಕಣದ ಬಲವೆಲ್ಲ ಉಡುಗಿಹೋಯಿತು. ಕಣ್ಣೆದುರೇ ಗಡ್ಡೆ ಬೆಳೆಯಿತು, ನೀಲಗಂಗಮ್ಮನ ದನಿ ಅಡಗಿತು. ಏನೂ ಮಾಡಲಾಗದೆ ಬಿಳಿ ಕಣ ಒಳಗೊಳಗೇ ಕುದಿಯಿತು.

ಒಂದು ದಿನ ಆಸ್ಪತ್ರೆಯ ಡ್ರಿಪ್‌ನಲ್ಲಿ ಔಷಧಿಯಾಗಿ ಇಳಿದು ಬಂದ ಪ್ರತಿಕಾಯವೊಂದು ಇಬ್ಬರ ನಡುವೆ ನುಗ್ಗಿ, ಬಿಳಿ ಕಣದ ಅಂಗೈಯನ್ನು ಮುಚ್ಚಿ ಕೂತಿತು. ಗಡ್ಡೆಯ ಹಿಡಿತ ಜಾರಿತು.

"ಹೊರಗಿನವನೇ, ನಮ್ಮ ಮನೆಯ ವಿಷಯದಲ್ಲಿ ನಿನಗೇನು ಕೆಲಸ?" ಎಂದು ಕೋಶ ಕೂಗಾಡಿತು.

"ನಾನು ಹೊರಗಿನವನೇ ಸರಿ. ನಿನ್ನನ್ನು ನಾನು ಕೊಲ್ಲುವುದಿಲ್ಲ. ನೀನು ಇವನ ಕೈ ಮುಟ್ಟದಂತೆ ನೋಡಿಕೊಳ್ಳುತ್ತೇನೆ, ಅಷ್ಟೆ. ಉಳಿದದ್ದು ಇವನಿಗೆ ಬಿಟ್ಟದ್ದು," ಎಂದಿತು ಪ್ರತಿಕಾಯ.

ಬಿಳಿ ಕಣ ಎದ್ದು ನಿಂತಿತು.

"ಯೋಚಿಸು ಅಣ್ಣಾ. ನಾವು ಲಕ್ಷಾಂತರ ಮಂದಿ ಇದ್ದೇವೆ, ನೀನೊಬ್ಬನೇ!" ಎಂದಿತು ಕೋಶ.

"ನಾನು ಸೋತರೂ ಸೋಲಬಹುದು. ಆದರೆ ಸುಮ್ಮನೆ ನಿಂತು ನೋಡುವುದು ಇವತ್ತಿಗೆ ಮುಗಿಯಿತು. ನಿನ್ನಿಂದಲೇ ಶುರು ಮಾಡುತ್ತೇನೆ," ಎಂದು ಬಿಳಿ ಕಣ ಅದರ ಮೇಲೆರಗಿತು.

ಕೋಶ ಒಡೆದು ಬಿದ್ದಿತು. ಬಿಳಿ ಕಣ ಪಕ್ಕದ ಕೋಶಗಳತ್ತ ತಿರುಗಿ, "ಮುಂದೆ ಯಾರು?" ಎಂದು ಕೇಳಿತು.