ರಾಜನ ಆನೆ ತಿಂದ ಸೋದರಮಾವ

"ಕೇಳ್ರಪ್ಪೋ ಕೇಳ್ರಿ! ಗೋಪುರ ಹತ್ತಿ ಅರಮನೆಯ ನಗಾರಿಯನ್ನು ಕೆಳಕ್ಕೆ ಉರುಳಿಸಿ, ಕಾವಲುಗಾರ ಕೆಂಚಣ್ಣನ ಕಾಲು ಮುರಿದ ದುಗ್ಗಪ್ಪನಿಗೆ ಮರಣದಂಡನೆ! ಅವನನ್ನು ಉಳಿಸಬೇಕೆನ್ನುವವರು ರಾಜಕುಮಾರಿಯ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ದುಗ್ಗಪ್ಪನ ತಲೆಯ ಜೊತೆಗೇ ಉರುಳುತ್ತದೆ!"

ಇದು ರಾಜ ಚಂದ್ರಬೊಮ್ಮರಸನ ಡಂಗುರ. ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಆರೋಪಿಯನ್ನು ನಿಲ್ಲಿಸಿ "ನೀನೇ ಮಾಡಿದೆಯಾ?" ಎಂದು ಕೇಳುವುದು. "ಹೌದು" ಅಂದನೋ, ಕತೆ ಮುಗೀತು. ದುಗ್ಗಪ್ಪ "ಹೌದು" ಅಂದಿದ್ದ. ಆದರೆ ರಾಜಕುಮಾರಿ ಜಕ್ಕಲದೇವಿಗೆ ಆ "ಹೌದು" ಗಂಟಲಿನ ಮುಳ್ಳಾಗಿತ್ತು. ಅಪ್ಪನನ್ನು ಕಾಡಿಬೇಡಿ ಒಗಟಿನ ದಾರಿ ಮಾಡಿಸಿದ್ದು ಅವಳೇ.

ಡಂಗುರ ಕೇಳಿ ಮಾಳಿಂಗನ ಕೈಯಿಂದ ಹಗ್ಗ ಜಾರಿತು. ಅವನು ನಾರು ಹೊಸೆದು ಹಗ್ಗ ಮಾಡಿ ಬದುಕುವ ಹುಡುಗ. ಓದು ಅಷ್ಟಕ್ಕಷ್ಟೆ, ಕೀಟಲೆಯಲ್ಲಿ ಮಾತ್ರ ಮಹಾಪಂಡಿತ. ದುಗ್ಗಪ್ಪ ಅವನ ಸೋದರಮಾವ, ತಾಯಿಯಿಲ್ಲದ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಈಚೆಗೆ ಮಾವನ ಮನಸ್ಸಿಗೆ ಕಾಯಿಲೆ ಬಿದ್ದಿತ್ತು. ನಗಾರಿ ಬಾರಿಸಿದಾಗೆಲ್ಲ ಕಿವಿ ಮುಚ್ಚಿಕೊಂಡು, "ನನ್ನ ಹೆಸರು ಹಿಡಿದು ಬೈತದೆ ಕಣೋ" ಅನ್ನುತ್ತಿದ್ದ.

ಮಾಳಿಂಗ ಆಸ್ಥಾನಕ್ಕೆ ಓಡಿದ. ಬಹುಮಾನದ ಆಸೆಗೆ ಬಂದ ಇಬ್ಬರು ಅವನಿಗಿಂತ ಮುಂದೆ ನಿಂತಿದ್ದರು. ರಾಜಕುಮಾರಿ ಕೇಳಿದಳು: "ಕಟಕಟೆಯಲ್ಲಿ ನಿಂತಿದ್ದಾನೆ, ಆದರೆ ಬಂದಿಲ್ಲ. ಉತ್ತರ ಕೊಟ್ಟಿದ್ದಾನೆ, ಆದರೆ ಪ್ರಶ್ನೆ ತಲುಪಿಲ್ಲ. ಯಾರವನು?"

ಆಸ್ಥಾನದ ಪಂಡಿತರು ಶಲ್ಯ ಸರಿಮಾಡಿಕೊಂಡು "ನೆರಳು" ಅಂದರು. ತಪ್ಪು. ಸೇನಾಪತಿಯ ಮಗ ಮೀಸೆ ತಿರುವಿ "ಗಿಳಿ" ಅಂದ. ಅದೂ ತಪ್ಪು. ಇಬ್ಬರನ್ನೂ ಸೆರೆಮನೆಗೆ ಎಳೆದೊಯ್ದರು. ಪಂಡಿತರ ಶಲ್ಯ ಅಲ್ಲೇ ಉಳಿಯಿತು.

ಮಾಳಿಂಗ ಮುಂದೆ ಬಂದು ಕಟಕಟೆಯಲ್ಲಿದ್ದ ದುಗ್ಗಪ್ಪನತ್ತ ಕೈ ತೋರಿಸಿದ. "ಅದು ನಮ್ಮ ಮಾವನೇ ತಾಯಿ. ತೋರಿಸ್ತೀನಿ ಇರಿ. ಮಾವ, ಆಕಾಶದ ಚಂದ್ರನನ್ನು ಕದ್ದೆಯಾ?"

"ಹೌದು," ಅಂದ ದುಗ್ಗಪ್ಪ.

"ರಾಜರ ಆನೆ ತಿಂದೆಯಾ?"

"ಹೌದು."

"ಪೂರ್ತಿ?"

"ಹೌದು. ಉಪ್ಪು ಕಮ್ಮಿ ಇತ್ತು."

ಹೊರಗೆ ಲಾಯದಲ್ಲಿ ಆನೆ ಘೀಳಿಟ್ಟಿತು. ಸಭೆಯೆಲ್ಲ ಗೊಳ್ ಅಂತು. ದುಗ್ಗಪ್ಪ ಮಾತ್ರ ಕಿವಿ ಮುಚ್ಚಿಕೊಂಡು ಮುದುಡಿದ. ಮಾಳಿಂಗ ಹೋಗಿ ಅವನ ಬೆನ್ನು ಸವರಿದ.

"ಗದ್ದಲ ನಿಂತರೆ ಸಾಕು ಅಂತ ಹೌದು ಅಂತಾನೆ ಪ್ರಭು. ಏನು ಆರೋಪ, ತಾನೇನು ಹೇಳಬಹುದು ಅನ್ನೋದು ಅವನ ತಲೆಗೆ ಹೋಗೋವರೆಗೂ ಅವನು ಇಲ್ಲಿಗೆ ಬಂದ ಹಾಗಲ್ಲ. ಮೊದಲು ಔಷಧಿ ಆಗಲಿ, ಆಮೇಲೆ ವಿಚಾರಣೆ."

"ಸರಿಯುತ್ತರ," ಅಂದಳು ರಾಜಕುಮಾರಿ.

"ಹಾಗಾದರೆ ಎರಡನೆಯದು ಕೇಳು!" ಅಂತ ರಾಜ ಅವಸರಪಟ್ಟ.

"ಬರದವನ ವಿಚಾರಣೆ ಹೇಗೆ ನಡೆಸ್ತೀರಿ ಪ್ರಭು? ಈಗಷ್ಟೇ ಒಪ್ಪಿದಿರಲ್ಲ!" ಅಂದ ಮಾಳಿಂಗ.

ರಾಜ ಗಡ್ಡ ಕೆರೆದುಕೊಂಡ. ಅರಮನೆ ಕಳಿಸಿದ ರೋಗಿಗಳನ್ನು ಬೀಗದೊಳಗಿಟ್ಟು ಆರೈಕೆ ಮಾಡುವ ವೈದ್ಯೆ ಪಾರಮ್ಮನ ಮನೆಗೆ ದುಗ್ಗಪ್ಪನನ್ನು ಕಳಿಸಿದರು. ಮಾಳಿಂಗ ದಿನಾ ಗಂಜಿ ಹೊತ್ತು ಹೋಗುತ್ತಿದ್ದ, ಹೋದಾಗಲೆಲ್ಲ ಆನೆಯ ವಿಷಯ ಕೇಳುತ್ತಿದ್ದ. ಮಾವಿನ ಕಾಯಿ ಹಣ್ಣಾಗುವ ಹೊತ್ತಿಗೆ ಒಂದು ದಿನ ಮಾವ ಸಿಡುಕಿದ: "ಆನೆ ತಿಂತಾರೇನೋ ಯಾರಾದ್ರೂ? ತಲೆ ನೆಟ್ಟಗಿದೆಯಾ ನಿಂಗೆ?" ಮಾಳಿಂಗ ಅವನನ್ನು ತಬ್ಬಿಕೊಂಡು ಅತ್ತುಬಿಟ್ಟ.

ಮತ್ತೆ ಸಭೆ ಸೇರಿತು. ರಾಜಕುಮಾರಿ ಎರಡನೆಯ ಒಗಟು ಹೇಳಿದಳು: "ಮನೆ ಇದ್ದಲ್ಲೇ ಇತ್ತು, ಯಜಮಾನ ಊರಲ್ಲಿರಲಿಲ್ಲ. ಮನೆಯಿಂದ ಬಿದ್ದ ಕಲ್ಲಿಗೆ ಯಜಮಾನನನ್ನು ಹಿಡಿದು ತಂದರು. ಯಾರು ಆ ಯಜಮಾನ?"

"ಬುದ್ಧಿ, ತಾಯಿ. ಮನೆ ಅಂದರೆ ಮೈ."

"ಬುದ್ಧಿ ಇವತ್ತು ಬಂದಿದೆಯಲ್ಲ! ಶಿಕ್ಷೆ ಕೊಟ್ಟರಾಯಿತು," ಅಂದ ರಾಜ.

"ಇವತ್ತಿನ ಮಾವ ನಗಾರಿ ಉರುಳಿಸಲಿಲ್ಲ ಪ್ರಭು. ನಗಾರಿ ಬಿದ್ದಾಗ ಹೇಗಿದ್ದ ಅಂತ ಕೇಳಬೇಕು. ಕೆಂಚಣ್ಣ ಮಾವ, ನೀವೇ ಹೇಳಿ."

ಕೆಂಚಣ್ಣ ಕೋಲೂರಿಕೊಂಡು ಎದ್ದ. "ಕಾಲು ಹೋಯ್ತು ಪ್ರಭು, ನೋವು ಸುಳ್ಳಲ್ಲ. ಆದರೆ ಇವನು ಕೆಳಗಿಳಿದು ಬಂದು, 'ಅಯ್ಯೋ, ಯಾರಪ್ಪಾ ನಿನ್ನ ಹೊಡೆದದ್ದು? ಆ ನಗಾರಿನೇ ಇರಬೇಕು!' ಅಂತ ತನ್ನ ಪಂಚೆ ಹರಿದು ನನ್ನ ಕಾಲಿಗೆ ಕಟ್ಟಿದ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ."

ದುಗ್ಗಪ್ಪ ಕೆಂಚಣ್ಣನ ಮುಂದೆ ಕೈ ಮುಗಿದು ನಿಂತ. ರಾಜ ಶಿಕ್ಷೆಯ ಮಾತು ಬಿಟ್ಟು, ಉತ್ತರ ಸರಿಯೆಂದು ಒಪ್ಪಿದ.

"ಕೊನೆಯದು," ಅಂದಳು ರಾಜಕುಮಾರಿ. "ಬೀಗ ಹಾಕಿದೆ, ಸೆರೆಯಲ್ಲ. ಒಳಗಿದ್ದಾನೆ, ಅಪರಾಧಿಯಲ್ಲ. ಬೀಗದ ಕೈ ಯಾರ ಬಳಿ?"

ಪಾರಮ್ಮನ ಬಳಿ ಅನ್ನಲು ಮಾಳಿಂಗ ಬಾಯಿ ತೆರೆದವನು ಫಕ್ಕನೆ ಮುಚ್ಚಿದ. ಪಾರಮ್ಮನ ಹಿತ್ತಲಲ್ಲಿ ಹೂವಿನ ಗಿಡಕ್ಕೆ ನೀರು ಹಾಕುವ ಅಜ್ಜನೊಬ್ಬನಿದ್ದ. ಅವನಿಗೆ ಗುಣವಾಗಿ ಎಷ್ಟೋ ಕಾಲವಾಗಿತ್ತು. ಕಳಿಸಿದ ಅರಮನೆ ಅವನನ್ನು ಮರೆತಿತ್ತು. ಅಪ್ಪಣೆಯಿಲ್ಲದೆ ಬಿಡಲು ಪಾರಮ್ಮನಿಗೆ ಅಧಿಕಾರವಿರಲಿಲ್ಲ.

"ಬೀಗದ ಕೈ ನಿಮ್ಮ ಬಳಿ ಪ್ರಭು," ಅಂದ ಮಾಳಿಂಗ. "ಆರೈಕೆಗೆ ಅಂತ ಇಟ್ಟವರು ಮತ್ತೆ ಮತ್ತೆ ಬಂದು 'ಈಗ ಹೇಗಿದ್ದಾನೆ, ಇನ್ನೂ ಇಲ್ಲಿರಬೇಕಾ?' ಅಂತ ಕೇಳಬೇಕು. ಕೇಳೋದು ಮರೆತರೆ ಅದೇ ಸೆರೆ."

ರಾಜಕುಮಾರಿ ಕಣ್ಣೊರೆಸಿಕೊಂಡು ನಕ್ಕಳು. ರಾಜ ತಲೆ ತಗ್ಗಿಸಿ, "ಏನು ಬೇಕು ಕೇಳಪ್ಪಾ," ಅಂದ.

"ಸೆರೆಯಲ್ಲಿರೋ ಇಬ್ಬರನ್ನು ಬಿಡಿ, ಪಾಪ, ಪಂಡಿತರ ಶಲ್ಯನೂ ಕೊಡಿ. ಕೆಂಚಣ್ಣ ಮಾವನಿಗೆ ಬದುಕಿರೋತನಕ ಅರಮನೆ ಊಟ. ಮತ್ತೆ ಹುಣ್ಣಿಮೆ ಹುಣ್ಣಿಮೆಗೂ ನೀವೇ ಪಾರಮ್ಮನ ಬಾಗಿಲು ತಟ್ಟಬೇಕು."

ಮೊದಲ ಹುಣ್ಣಿಮೆಗೆ ರಾಜ ಹೋದ. ಅಜ್ಜನನ್ನು ತನ್ನ ಪಲ್ಲಕ್ಕಿಯಲ್ಲೇ ಊರಿಗೆ ಕಳಿಸಿದ. ಆಮೇಲೆ, ಪೂರ್ತಿ ಗುಣವಾಗಲೆಂದು ಅಲ್ಲೇ ಉಳಿದಿದ್ದ ದುಗ್ಗಪ್ಪನ ಮುಂದೆ ಕೂತ. ಏನು ಕೇಳಬೇಕೆಂದು ಗೊತ್ತಾಗದೆ ತಡವರಿಸಿ, "ದುಗ್ಗಪ್ಪಾ, ನಮ್ಮ ಆನೆ ತಿಂದೆಯಾ?" ಅಂದ.

ದುಗ್ಗಪ್ಪ ಹಣೆ ಚಚ್ಚಿಕೊಂಡ. "ಅಯ್ಯೋ ಪ್ರಭು, ಆ ಹುಡುಗ ನಿಮ್ಮನ್ನೂ ಕೆಡಿಸಿದನಾ?"

ರಾಜ ಹೊಟ್ಟೆ ಹಿಡಿದು ನಕ್ಕು, ತಾನೇ ಎದ್ದು ಬಾಗಿಲು ತೆರೆದ. ಹೊರಗೆ ಮಾಳಿಂಗ ಮಾವನ ಚಪ್ಪಲಿ ಹಿಡಿದು ನಿಂತಿದ್ದ.