ಮರಳೋ, ಬರಿ ಗಾಜೋ

"ಗುರುಗಳೇ, ಧ್ಯಾನಕ್ಕೆ ಕೂತಾಗ ಮನಸ್ಸನ್ನು ಪೂರ್ತಿ ಬರಿದು ಮಾಡಬೇಕೇ? ಇಲ್ಲ, ಒಂದು ನಾಮವನ್ನಾದರೂ ಆಸರೆಗೆ ಇಟ್ಟುಕೊಳ್ಳಬೇಕೇ?"

ಶಿಷ್ಯ ಚನ್ನವೀರ ಇದನ್ನು ಕೇಳಿದ್ದು ಮೊದಲ ಸಲವಲ್ಲ. ಮಳೆಗಾಲದಲ್ಲಿ ಕೇಳಿದಾಗ ಗುರುಗಳು ಬರಿದು ಮಾಡು ಎಂದಿದ್ದರು. ಬರಿದಾದರೆ ಭಯವಾಗುತ್ತದೆ ಎಂದು ಚಳಿಗಾಲದಲ್ಲಿ ಬಂದ. ಹಾಗಾದರೆ ನಾಮ ಹಿಡಿ ಎಂದಿದ್ದರು. ಈಗ ನಾಮಕ್ಕೆ ನೂರು ಯೋಚನೆ ಮೆತ್ತಿಕೊಳ್ಳುತ್ತಿವೆ ಎಂದು ಮತ್ತೆ ಬಂದು ಕೂತಿದ್ದ. ಈ ನಡುವೆ ಅವನು ಧ್ಯಾನಕ್ಕೆ ಕೂರುವುದನ್ನೇ ಬಿಟ್ಟಿದ್ದ.

ಗುರುಗಳು ಹಣೆ ಒತ್ತಿಕೊಂಡರು. "ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಶುರುಮಾಡಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಮಂಡಿನೋವು, ಹೊರಗೆ ಹೋಗುವುದು ಕಡಿಮೆ. ಅವಳಿಗೆ ಹೊತ್ತು ಹೋಗಲೆಂದು ಅವನು ಗಾಜಿನ ತೊಟ್ಟಿ ತಂದು, ನೀರು ತುಂಬಿ, ಮೀನು ಬಿಟ್ಟ. ತಳಕ್ಕೆ ಏನೂ ಹಾಕಲಿಲ್ಲ. ಕಸ ಬಿದ್ದರೆ ಕಣ್ಣಿಗೆ ಕಾಣುತ್ತದೆ, ಪೈಪಿನಿಂದ ಹೀರಿ ತೆಗೆದರೆ ಮುಗಿಯಿತು ಎಂದ. ತೊಟ್ಟಿಯೇನೋ ಸ್ವಚ್ಛವಾಗಿತ್ತು. ಆದರೆ ಅವು ಮೀಸೆಯಿರುವ ಪುಟ್ಟ ಮೀನುಗಳು, ತಳ ಕೆದಕುವ ಜಾತಿ. ಕೆದಕಲು ಏನೂ ಸಿಗಲಿಲ್ಲ. ಕೆಳಗಿನ ಗಾಜಿನಲ್ಲೂ ಬೆಳಕು ಮಿಂಚಿದಾಗ ಬೆಚ್ಚಿ ಮೂಲೆ ಸೇರಿದವು.

ವ್ಯಾಪಾರಿ ಮೀನುಗಳನ್ನು ಬಕೆಟ್ಟಿಗೆ ಹಾಕಿ, ನುಣುಪಾದ ಮರಳು ತೊಳೆದು, ತಳಕ್ಕೆ ತೆಳುವಾಗಿ ಹರಡಿದ. ಮತ್ತೆ ಬಿಟ್ಟೊಡನೆ ಮೀನುಗಳು ಮೂತಿ ಊರಿ ಕೆದಕತೊಡಗಿದವು. ಹೆಂಡತಿ ಸ್ಟೂಲು ಎಳೆದುಕೊಂಡು ನೋಡುತ್ತ ಕೂತಳು. ಅವಳಿಗೆ ಒಂದೊಂದರ ಗುರುತೂ ಹತ್ತಿತು. ಬಾಲ ಹರಿದದ್ದು ಒಂದಿತ್ತು. ಅವಳು ಗಾಜಿನ ಬಳಿ ಬಂದರೆ ಅದೂ ಈಚೆಗೆ ಬರುತ್ತಿತ್ತು.

ಸ್ವಲ್ಪ ದಿನಕ್ಕೆ ಮರಳಿನಲ್ಲಿ ಕಸ ಸಿಕ್ಕಿಕೊಂಡಿತು. ಮರಳು ಅಂದರೆ ಕೊಳಕು ಎಂದು ಅಂಗಡಿಗೆ ಬಂದ ಗಿರಾಕಿಯೊಬ್ಬ ಹೇಳಿದ. ಮೀನುಗಳು ಬಕೆಟ್ಟಿಗೆ ಹೋದವು, ಮರಳು ಹೊರಗೆ ಬಂತು. ತೆಳ್ಳಗಿದ್ದರೆ ಏನೂ ಆಗುವುದಿಲ್ಲ ಎಂದು ಇನ್ನೊಬ್ಬ ಹೇಳಿದ. ಮತ್ತೆ ಬಕೆಟ್ಟು, ಮತ್ತೆ ಮರಳು. ಈ ಸಲ ತೀರಾ ತೆಳುವಾಯಿತು ಎಂದು ಅವನಿಗೇ ಅನ್ನಿಸಿತು. ಮತ್ತೆ ಬಕೆಟ್ಟು. ಮನೆಯಲ್ಲಿ ಒಣಗಿದ ನೆಲವೇ ಇಲ್ಲದಂತಾಯಿತು. ಊಟಕ್ಕೆ ಕೂತರೂ ಅವನದು ಅದೇ ಮಾತು.

ಹೆಂಡತಿಗೆ ಸಾಕುಸಾಕಾಯಿತು. "ರೀ, ಅವನ್ನು ಅವುಗಳ ಪಾಡಿಗೆ ಬಿಡಿ. ಮರಳು ಇರಲಿ ಅಂದರೆ ದಿನಾ ಮೇಲೆ ಮೇಲೆ ಕೆದಕಿ ಕಸ ನಾನು ತೆಗೆಯುತ್ತೇನೆ. ಬೇಡ ಅಂದರೆ ಬೆಳಕಿಗೆ ಅಡ್ಡ ಒಂದು ಬಟ್ಟೆ ಕಟ್ಟುತ್ತೇನೆ. ಯಾವುದಾದರೂ ಒಂದು ಹೇಳಿ."

"ಸರಿಯಾಗಿ ತಿಳಿದುಕೊಳ್ಳದೆ ಮಾಡಿದರೆ ತಪ್ಪಾಗುತ್ತದೆ ಕಣೇ," ಎಂದ ವ್ಯಾಪಾರಿ.

ಒಂದು ಮಧ್ಯಾಹ್ನ ಅವಳು ಮಂಡಿ ತೋರಿಸಲು ಡಾಕ್ಟರ ಬಳಿ ಹೋಗಿದ್ದಳು. ವ್ಯಾಪಾರಿ ಮೀನುಗಳನ್ನು ಬಕೆಟ್ಟಿಗೆ ಹಾಕಿ ತೊಟ್ಟಿ ಖಾಲಿ ಮಾಡಿದ. ಮರಳು ಕೈಗೆ ತೆಗೆದುಕೊಂಡ. ಹಾಕಲು ಮನಸ್ಸಾಗಲಿಲ್ಲ, ಚೆಲ್ಲಲೂ ಮನಸ್ಸಾಗಲಿಲ್ಲ. ಇನ್ನೊಮ್ಮೆ ಕೇಳಿಬಿಡೋಣ ಎಂದು ಮೀನಿನ ಅಂಗಡಿಗೆ ಹೊರಟ. ಬಕೆಟ್ಟು ಅಂಗಳದಲ್ಲೇ ಇತ್ತು. ಅದರ ಮೇಲೆ ಬಿಸಿಲು ಬಂತು.

ಹೆಂಡತಿ ಬಂದು ನೋಡುವಾಗ ಬಾಲ ಹರಿದ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅವಳು ಅದನ್ನು ಅಂಗೈಯಲ್ಲಿ ಎತ್ತಿಕೊಂಡು, ನೋಯುವ ಮಂಡಿಯನ್ನೂ ಮರೆತು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಷ್ಟರಲ್ಲಿ ವ್ಯಾಪಾರಿ ಬಂದ.

"ಇದು ಸತ್ತದ್ದು ಮರಳಿನಿಂದಲೋ, ಮರಳಿಲ್ಲದೆಯೋ?" ಎಂದು ಕೇಳಿದ.

"ಬಕೆಟ್ಟಿನಲ್ಲಿ," ಎಂದಳು ಹೆಂಡತಿ.

ಆಮೇಲೆ ಅವಳು ಎದ್ದಳು. ತೊಟ್ಟಿಯನ್ನು ತಾನೇ ಅಣಿಮಾಡಿ, ಉಳಿದ ಮೀನುಗಳನ್ನು ಬಿಟ್ಟು, ಇನ್ನು ಇದಕ್ಕೆ ಕೈ ಹಾಕಬೇಡಿ ಎಂದಳು. ಅವನು ಹಾಕಲಿಲ್ಲ. ಬೆಳಿಗ್ಗೆ ಎದ್ದು ತೊಟ್ಟಿಗೆ ಬೇಕಾದಷ್ಟು ಕೆಲಸ ಅವಳೇ ಮಾಡುತ್ತಿದ್ದಳು. ಮೀನುಗಳು ಬದುಕಿದವು. ಮಾಸಿದ್ದ ಮೈಬಣ್ಣ ತಿರುಗಿತು, ಮರುವರ್ಷ ಮರಿಯೂ ಆಯಿತು. ಸಂಜೆ ಅಂಗಡಿ ಮುಚ್ಚಿ ಬಂದು ವ್ಯಾಪಾರಿಯೂ ಹೆಂಡತಿಯ ಪಕ್ಕ ಸುಮ್ಮನೆ ಕೂತು ನೋಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಮುಂದಕ್ಕೆ ಸರಿದು ಕೂತ.

"ಗುರುಗಳೇ, ಆಕೆ ಮರಳು ಹಾಕಿದಳೋ, ಬರಿ ಗಾಜೇ ಬಿಟ್ಟಳೋ? ಅದನ್ನು ತಾವು ಹೇಳಲೇ ಇಲ್ಲ."

"ಮೀನುಗಳು ಬದುಕಿದವು ಎಂದು ಹೇಳಿದೆನಲ್ಲ," ಎಂದರು ಗುರುಗಳು, "ಅದು ನಿನಗೆ ಕೇಳಿಸಲೇ ಇಲ್ಲ."